ಹಸಿರು ಗುಂಡಿ ನನಗೆ ಸಿಗುವುದಿಲ್ಲ

ಮೊಬೈಲು, ಇಂಟರ್ನೆಟ್ಟು ಬಂದ ಮೇಲೆ ನಮ್ಮ ಸ್ವಂತ ಬರವಣಿಗೆ, ಜನರ ಒಡನಾಟ, ನಾಲ್ಕು ಜನ ಸೇರಿ ಮಾಡುವ ಕೆಲಸ ಇವೆಲ್ಲ ಸುಧಾರಿಸಿವೆಯಾ, ಕೆಟ್ಟಿವೆಯಾ ಅಂತ ಕೇಳಿದ್ದೀರಿ. ಒಂದೇ ಮಾತಲ್ಲಿ ಹೇಳಿ ಅಂದರೆ ನನ್ನಿಂದಾಗದು. ಪ್ರತಿ ಸಾಧನದ ಒಳಗೂ ಯಾರೋ ಯೋಚಿಸಿ ಇಟ್ಟ ಸಣ್ಣಪುಟ್ಟ ನಿಯಮಗಳಿರುತ್ತವೆ. ನಾವು ಹೇಗೆ ಬರೆಯುತ್ತೇವೆ, ಯಾರ ಜೊತೆ ಸೇರುತ್ತೇವೆ ಅನ್ನುವುದನ್ನು ಅವೇ ಜಾಸ್ತಿ ತೀರ್ಮಾನಿಸುತ್ತವೆ. ಬಿಡುವಿದ್ದಾಗ ನಾನು ಕೆಲಸ ಮಾಡುವ ಒಂದು ಜಾಗವನ್ನೇ ತೆಗೆದುಕೊಂಡು ಹೇಳುತ್ತೇನೆ: ಕನ್ನಡ ವಿಕಿಸೋರ್ಸ್.

ಇದು ವಿಕಿಪೀಡಿಯದ ಒಡಹುಟ್ಟು. ಕಾಪಿರೈಟ್ ಮುಗಿದ ಅಥವಾ ಹಕ್ಕುದಾರರೇ ಮುಕ್ತವಾಗಿ ಬಿಟ್ಟುಕೊಟ್ಟ ಪುಸ್ತಕಗಳು ಇಲ್ಲಿರುತ್ತವೆ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕು ಮುಗಿಯುತ್ತದೆ. ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ, ಅವರ ಬರಹ ಈಗ ಎಲ್ಲರದ್ದು. ಡಿವಿಜಿ ಹೋಗಿದ್ದು 1975ರಲ್ಲಿ, ಅವರದ್ದಕ್ಕೆ 2036ರವರೆಗೆ ಕಾಯಬೇಕು. ಸ್ಕ್ಯಾನ್ ಮಾಡಿದ ಪುಟ ಒಂದು ಕಡೆ ಕಾಣುತ್ತದೆ, ಪಕ್ಕದ ಚೌಕದಲ್ಲಿ ಓಸಿಆರ್ ಅನ್ನುವ ತಂತ್ರಾಂಶ ಆ ಚಿತ್ರ ನೋಡಿ ಬರೆದುಕೊಟ್ಟ ಅಕ್ಷರಗಳು ಇರುತ್ತವೆ. ಯಾರೂ ತಿದ್ದದ ಪುಟಕ್ಕೆ ಕೆಂಪು ಬಣ್ಣ. ಒಬ್ಬರು ಕೂತು ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ಓದಿ ಸರಿ ಅಂದರೆ ಹಸಿರು.

ಇಲ್ಲೇ ಇರುವುದು ವಿಷಯ. ಹಳದಿ ಮಾಡಿದವರಿಗೆ ಹಸಿರಿನ ಗುಂಡಿ ಕಾಣಿಸುವುದೇ ಇಲ್ಲ! ನೀವು ಕನ್ನಡದ ದೊಡ್ಡ ವಿದ್ವಾಂಸರೇ ಆಗಿರಿ, ನಿಮ್ಮ ಪುಟಕ್ಕೆ ನೀವೇ ಮುದ್ರೆ ಒತ್ತಿಕೊಳ್ಳುವ ಹಾಗಿಲ್ಲ. ಯಾವ ಹೊತ್ತಿಗಾದರೂ ಇನ್ನೊಬ್ಬರು ಬರಲೇಬೇಕು. ಸಹಕಾರದ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಈ ತಂತ್ರಾಂಶ ಒಂದು ಗುಂಡಿಯನ್ನು ಬಚ್ಚಿಟ್ಟು ಅದನ್ನು ಮಾಡಿಸಿಬಿಡುತ್ತದೆ.

ಹಾಗೆ ಬಂದವರಲ್ಲಿ ಒಬ್ಬರು ಕರಾವಳಿಯ ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಅಮೆರಿಕದಲ್ಲಿರುವ ಎಂಜಿನಿಯರ್. ಇಬ್ಬರ ಮುಖವನ್ನೂ ನಾನು ನೋಡಿಲ್ಲ. ನಾನು ರಾತ್ರಿ ಹಳದಿ ಮಾಡಿ ಮಲಗಿದ್ದನ್ನು ಆ ಎಂಜಿನಿಯರ್ ತಮ್ಮ ಊಟದ ಬಿಡುವಲ್ಲಿ ಹಸಿರು ಮಾಡಿರುತ್ತಾರೆ. ಮೇಷ್ಟ್ರು ಹಾಗೆ ಸುಲಭಕ್ಕೆ ಬಿಡುವವರಲ್ಲ. ಒಂದು ಸಲ ಹಳೆಗನ್ನಡದ ಪದ್ಯವೊಂದರಲ್ಲಿ ‘ಪಲವುಂ’ ಅಂತಿದ್ದದ್ದನ್ನು ಯಾರೋ ‘ಫಲವುಂ’ ಅಂತ ತಿದ್ದಿದ್ದರು. ಅಚ್ಚುಮೊಳೆಯ ಕಾಲದ ಮುದ್ರಣ, ಪ ಅಕ್ಷರದ ಕೆಳಗೆ ಮಸಿಯ ಚುಕ್ಕೆ ಬಿದ್ದು ಹೊಟ್ಟೆ ಸೀಳಿದ ಹಾಗೇ ಕಾಣುತ್ತಿತ್ತು. ಮೇಷ್ಟ್ರು ಅದೇ ಪುಸ್ತಕದ ಬೇರೆ ಪುಟಗಳಲ್ಲಿದ್ದ ನಿಜವಾದ ಫ ಹುಡುಕಿ, ಸೀಳು ಎಲ್ಲಿಂದ ಶುರುವಾಗುತ್ತದೆ, ಚುಕ್ಕೆ ಎಲ್ಲಿದೆ ಅಂತ ಚರ್ಚೆಯ ಪುಟದಲ್ಲಿ ಉದ್ದಕ್ಕೆ ಬರೆದರು. ಪಲವುಂ ಅಂದರೆ ಹಲವು, ಅರ್ಥವೂ ಅದಕ್ಕೇ ಕೂಡುತ್ತದೆ ಅಂತ ಕೊನೆಗೆ ಒಂದು ಸಾಲು. ಒಂದು ಅಕ್ಷರಕ್ಕೆ ಇಷ್ಟು ಹೊತ್ತು ಕೊಡುವವರ ಜೊತೆ ಸ್ನೇಹ ತಾನಾಗಿ ಬೆಳೆಯುತ್ತದೆ, ಅಲ್ವಾ?

ಇದನ್ನು ವಾಟ್ಸಾಪ್ ಗುಂಪಿನ ಪಕ್ಕ ಇಟ್ಟು ನೋಡಿ. ಅಲ್ಲೂ ಜನ ಇದ್ದಾರೆ, ಅಲ್ಲೂ ಸಾಹಿತ್ಯ ಓಡಾಡುತ್ತದೆ. ಯಾರದ್ದೋ ಕವಿತೆಗೆ ಇನ್ಯಾರದ್ದೋ ಹೆಸರು, ಅಥವಾ ಹೆಸರೇ ಇಲ್ಲ. ಯಾರು ಯಾವಾಗ ಏನು ಬದಲಿಸಿದರು ಅಂತ ತಿಳಿಯಲು ದಾರಿಯಿಲ್ಲ. ವಿಕಿಯಲ್ಲಿ ಇತಿಹಾಸದ ಪುಟ ತೆರೆದರೆ ಒಂದು ಅಲ್ಪವಿರಾಮ ಹಾಕಿದವರ ಗುರುತೂ ಸಿಗುತ್ತದೆ. ಜನ ಎರಡೂ ಕಡೆ ಅವರೇ, ಫಾರ್ವರ್ಡ್ ಬಾಣ ಮಾತ್ರ ಬೇರೆ ಬುದ್ಧಿ ಕಲಿಸುತ್ತದೆ.

ಇನ್ನು ಸ್ವಂತ ಬರವಣಿಗೆ. ನಾನೂ ಆಗಾಗ ಕತೆ ಬರೆಯುತ್ತೇನೆ. ಗದ್ಯವನ್ನು ಅಕ್ಷರ ಅಕ್ಷರವಾಗಿ ನೋಡುವ ಈ ಕೆಲಸದಿಂದ ಆಗಿರುವ ಲಾಭ ಯಾವ ಕಮ್ಮಟದಲ್ಲೂ ಸಿಕ್ಕಿರಲಿಲ್ಲ. ಹಿಂದಿನವರು ವಾಕ್ಯವನ್ನು ಎಲ್ಲಿ ಮುರಿಯುತ್ತಿದ್ದರು, ಎಷ್ಟು ಉದ್ದಕ್ಕೆ ಎಳೆದರೂ ದಾರಿ ತಪ್ಪದೆ ಕ್ರಿಯಾಪದಕ್ಕೆ ಹೇಗೆ ಬಂದು ನಿಲ್ಲುತ್ತಿದ್ದರು ಅನ್ನುವುದು ಸುಮ್ನೆ ಓದುವಾಗ ಕಣ್ಣಿಗೆ ಬೀಳುವುದಿಲ್ಲ. ಫೋನಿನ ಕೀಬೋರ್ಡ್ ನನಗೆ ಇದಕ್ಕೆ ತದ್ವಿರುದ್ಧ. ಎರಡು ಅಕ್ಷರ ಒತ್ತಿದರೆ ಮೂರು ಪದ ಮುಂದಿಡುತ್ತದೆ, ಸೋಮಾರಿ ಬೆರಳು ಮೊದಲನೆಯದನ್ನೇ ಮುಟ್ಟುತ್ತದೆ. ಅದಕ್ಕೇ ಕತೆಯನ್ನು ಲ್ಯಾಪ್‌ಟಾಪಿನಲ್ಲೇ ಬರೆಯುತ್ತೇನೆ, ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ: ಅಕ್ಕ ಬೇಕಾದರೆ ಎ, ಕೆ, ಎಫ್, ಕೆ. ಪದವನ್ನು ನಾನೇ ಕಟ್ಟಬೇಕು, ಅದು ಏನನ್ನೂ ಊಹಿಸುವುದಿಲ್ಲ. ನನಗೆ ಅದೇ ಇಷ್ಟ.

ಎಐ ಬಗ್ಗೆಯೂ ಕೇಳಿಯೇ ಕೇಳುತ್ತೀರಿ. ಓಸಿಆರ್ ಇಲ್ಲದಿದ್ದರೆ ಇಡೀ ಪುಸ್ತಕ ಕೈಯಲ್ಲೇ ಟೈಪ್ ಮಾಡಬೇಕಿತ್ತು, ಆ ಉಪಕಾರ ದೊಡ್ಡದು. ಅದರ ತಪ್ಪುಗಳೂ ಪೆದ್ದು ತಪ್ಪುಗಳು: ಅರ್ಕಾವತ್ತು ನುಂಗುತ್ತದೆ, ದ ಇದ್ದಲ್ಲಿ ಧ ಬರೆಯುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಈಗಿನ ಚಾಟ್ ಯಂತ್ರಗಳಿಗೆ ಅದೇ ಪುಟ ಕೊಟ್ಟು ತಿದ್ದಿ ಅಂದರೆ ಹಳೆಯ ಪುಸ್ತಕದ ‘ಯೆಂದು’ ಇದ್ದದ್ದು ‘ಎಂದು’ ಆಗಿರುತ್ತದೆ, ತೊಡಕಾದ ವಾಕ್ಯ ನುಣ್ಣಗಾಗಿರುತ್ತದೆ. ಓದಲು ಚೆನ್ನಾಗಿಯೇ ಇರುತ್ತದೆ, ಪುಸ್ತಕದಲ್ಲಿ ಮಾತ್ರ ಹಾಗಿಲ್ಲ. ನಮ್ಮಲ್ಲಿರುವ ನಿಯಮ, ಮುದ್ರಣದಲ್ಲಿ ಹೇಗಿದೆಯೋ ಹಾಗೇ ಬರಬೇಕು ಅಂತ. ಆದ್ದರಿಂದ ಯಂತ್ರ ತಿದ್ದಿದ ಪುಟವನ್ನು ಹಳದಿ ಮಾಡಲು ನನಗೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ.

ನಿಮಗೆ ಆಸಕ್ತಿ ಇದ್ದರೆ ಒಂದು ಖಾತೆ ತೆರೆದು ಒಂದೇ ಒಂದು ಕೆಂಪು ಪುಟ ಹಿಡಿಯಿರಿ. ಹಳೆಗನ್ನಡ ಕಾವ್ಯಕ್ಕೆ ಈಗಲೇ ಕೈ ಹಾಕಬೇಡಿ, ಅಡಿಟಿಪ್ಪಣಿ ತುಂಬಿದ ಪುಸ್ತಕವೂ ಬೇಡ. ದೊಡ್ಡ ಅಕ್ಷರದ ಮಕ್ಕಳ ಕತೆ ಸಿಕ್ಕರೆ ವಾಸಿ. ಹಳದಿ ಮಾಡಿ ಇಲ್ಲಿ ಕಾಮೆಂಟಿನಲ್ಲಿ ಹೇಳಿ, ಹಸಿರು ಮಾಡಲು ನಾನು ಬರುತ್ತೇನೆ.