ಸುಮ್ಮನಿರದ ಕಾಲು, ಗಾದಿಯ ಜಗಳ

ಗಂಡ ಹೆಂಡತಿ ನನ್ನ ಹತ್ತಿರ ಬಂದಿದ್ದು ಜಗಳ ಬಗೆಹರಿಸಿಕೊಳ್ಳೋಕೆ. ಊರು ಬಳ್ಳಾರಿ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಆಕೆಗೆ 37 ವರ್ಷ. ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಟೇಲರ್ ಕೆಲಸ, ದಿನವಿಡೀ ಮಷಿನ್ ಮುಂದೆ ಕೂರಬೇಕು. ಗಂಡ ಲಾರಿ ಓಡಿಸುತ್ತಾರೆ. ಅವರು ಕಂತಿನ ಮೇಲೆ 28 ಸಾವಿರದ ಫೋಮ್ ಗಾದಿ ತರಲು ಹೊರಟಿದ್ದರು. ಈಕೆ ಬೇಡವೇ ಬೇಡ ಅಂತ ಹಟ ಹಿಡಿದಿದ್ದರು, ಮಗಳ ಕಾಲೇಜು ಫೀಸು ಕಟ್ಟುವುದು ಬಾಕಿ ಇತ್ತು. "ಮೆತ್ತನ ಗಾದಿ ಬಂದ್ರ ಇಕಿ ಒದಿಯೋದು ನಿಲ್ತೈತ್ರಿ ಮೇಡಂ" ಎಂದರು ಗಂಡ. ಆಕೆ ತಲೆ ಎತ್ತಲಿಲ್ಲ.

ಒಬ್ಬರೇ ಕೂತಾಗ ಮಾತು ಬಂತು. "ಮಲಗಿದ ಕೂಡ್ಲೇ ಕಾಲಾಗ ಹುಳ ಹರದಾಡಿದಂಗ ಆಗತೈತ್ರಿ. ನೋವಲ್ಲ, ಉರಿ ಅಲ್ಲ. ಕಾಲು ಆಡಿಸಲಿಲ್ಲಂದ್ರ ಜೀವ ತಡಿಯೋದಿಲ್ಲ." ಎದ್ದು ಮಾಳಿಗೆ ಮೇಲೆ ಓಡಾಡುತ್ತಾರೆ. ರಾತ್ರಿ ಒಂದು ಗಂಟೆ, ಎರಡು ಗಂಟೆ. ಸೊಸೆಗೆ ಗಾಳಿ ಸೋಕಿದೆ ಅಂತ ಅತ್ತೆ ತಾಯಿತ ಕಟ್ಟಿಸಿದ್ದರು. ತನ್ನ ಪಕ್ಕ ಮಲಗಲು ಇಷ್ಟ ಇಲ್ಲದೆ ಎದ್ದು ಹೋಗುತ್ತಾಳೆ ಅಂತ ಗಂಡ ಒಳಗೊಳಗೇ ನೊಂದಿದ್ದರು. ಆರು ವರ್ಷ ಹೀಗೇ ಕಳೆದಿದೆ. ಯಾರೂ ಆಕೆಯನ್ನು ಕೂರಿಸಿ, ಕಾಲಿಗೆ ಏನಾಗುತ್ತೆ ಅಂತ ಕೇಳಿರಲಿಲ್ಲ.

ನಾನು ನಾಲ್ಕು ಪ್ರಶ್ನೆ ಕೇಳಿದೆ. ಕಾಲು ಆಡಿಸಲೇಬೇಕು ಅನ್ನಿಸುತ್ತಾ? ಸುಮ್ನೆ ಕೂತಾಗ, ಮಲಗಿದಾಗ ಶುರುವಾಗುತ್ತಾ? ನಡೆದಾಡಿದರೆ ಕಡಿಮೆಯಾಗುತ್ತಾ? ಹಗಲಿಗಿಂತ ಸಂಜೆ, ರಾತ್ರಿ ಜಾಸ್ತಿನಾ? ನಾಲ್ಕಕ್ಕೂ ಹೌದು ಎಂದರು. ಮೀನಖಂಡ ಹಿಡಿದು ಗಟ್ಟಿಯಾಗುತ್ತಾ ಎಂದೆ. ಇಲ್ಲ ಎಂದರು. ಹಾಗಾದರೆ ಅದು ಸೆಳೆತವಲ್ಲ. ಕೊನೆಗೆ ಒಂದು ಮಾತು ತಾವಾಗಿಯೇ ಹೇಳಿದರು: "ನಮ್ಮವ್ವನೂ ಹಿಂಗ ಇದ್ಲು. ರಾತ್ರಿ ನನ್ನ ಎಬ್ಬಿಸಿ, ಕಾಲ್ಮ್ಯಾಲ ನಿಂದ್ರವಾ ಅಂತಿದ್ಲು."

ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, ಅಂದರೆ ಸುಮ್ಮನಿರದ ಕಾಲಿನ ತೊಂದರೆ, ಅಂತ ಹೆಸರಿದೆ. ಮನೆತನದಲ್ಲಿ ಬರುವುದು ಸಾಮಾನ್ಯ. 1672ರಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದರ ಬಗ್ಗೆ ಬರೆದಿದ್ದಾರೆ, 1945ರಲ್ಲಿ ಸ್ವೀಡನ್ನಿನ ಎಕ್‌ಬೋಮ್ ಇದಕ್ಕೆ ಈ ಹೆಸರು ಕೊಟ್ಟರು. ಇಷ್ಟನ್ನೂ ಆಕೆಗೆ ಹೇಳಿದೆ. ತನ್ನ ಕಾಲಿನ ಕಥೆ ಮುನ್ನೂರು ವರ್ಷದ ಹಿಂದೆಯೇ ಯಾರೋ ಕೇಳಿ ಬರೆದಿಟ್ಟಿದ್ದಾರೆ ಅಂತ ಗೊತ್ತಾದಾಗ ಆಕೆ ಅತ್ತುಬಿಟ್ಟರು. ನಿದ್ದೆಯಲ್ಲಿ ಒದೆಯುವುದೂ ಇದರ ಜೊತೆಗೇ ಬರುತ್ತೆ, ಬೇಕಂತ ಒದೆಯುವುದಲ್ಲ ಅಂತ ಆಮೇಲೆ ಗಂಡನನ್ನು ಕರೆದು ವಿವರಿಸಿದೆ.

ಗಾದಿಗಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದೆ, ಮೈಯಲ್ಲಿ ಕಬ್ಬಿಣ ಕಡಿಮೆಯಾದರೂ ಈ ತೊಂದರೆ ಕಾಡಬಹುದು. ನಾನು ಆಪ್ತಸಲಹೆಗಾರ್ತಿ, ಡಾಕ್ಟರ್ ಅಲ್ಲ. ಹಾಗಾಗಿ ಚೀಟಿ ಬರೆದು ಫಿಸಿಶಿಯನ್ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಕೂಡ ನೋಡಿಸಿ ಅಂತ ಒತ್ತಿ ಹೇಳಿದೆ. ಹಿಮೋಗ್ಲೋಬಿನ್ 12.1 ಬಂತು. ಅದೊಂದನ್ನೇ ನೋಡಿದ್ದರೆ ಎಲ್ಲ ಸರಿ ಇದೆ ಅಂತ ಮನೆಗೆ ಹೋಗುತ್ತಿದ್ದರು. ಫೆರಿಟಿನ್ ಬರೀ 14. ಅಂದರೆ ಮೈಯಲ್ಲಿ ಕಬ್ಬಿಣದ ಕೂಡಿಟ್ಟ ಗಂಟು ಬರಿದಾಗಿತ್ತು. ಈ ತೊಂದರೆ ಇರುವವರಲ್ಲಿ ಅದು 75ರ ಒಳಗಿದ್ದರೂ ಕಬ್ಬಿಣ ಕೊಟ್ಟು ನೋಡಬೇಕು ಅನ್ನುತ್ತಾರೆ ನಿದ್ರೆಯ ತಜ್ಞರು. ತಿಂಗಳ ಮುಟ್ಟಿನಲ್ಲಿ ಆಕೆಗೆ ಜಾಸ್ತಿ ರಕ್ತ ಹೋಗುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಊಟ ಮುಗಿದ ಕೂಡಲೇ ಚಹಾ ಬೇರೆ. ಊಟದ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತೆ.

ಇನ್ನೊಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ನಿದ್ದೆ ಬರಲಿ ಅಂತ ಆಕೆ ಮೆಡಿಕಲ್ ಅಂಗಡಿಯಿಂದ ನೆಗಡಿ ಮಾತ್ರೆ ತಂದು ನುಂಗುತ್ತಿದ್ದರು. ತೂಕಡಿಕೆ ತರುವ ನೆಗಡಿ ಮಾತ್ರೆಗಳು ಕಾಲಿನ ಈ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ಡಾಕ್ಟರಿಗೆ ಇದನ್ನು ಮೊದಲು ಹೇಳಿ ಎಂದೆ. ಅವರು ಅದನ್ನು ನಿಲ್ಲಿಸಿ ಕಬ್ಬಿಣದ ಮಾತ್ರೆ ಬರೆದರು. ನಿಂಬೆ ಪಾನಕದ ಜೊತೆ ತಗೊಳ್ಳಿ, ಚಹಾ ಎರಡು ಗಂಟೆ ಬಿಟ್ಟು ಕುಡಿಯಿರಿ, ಸಂಜೆ ಮೇಲೆ ಚಹಾ ಬೇಡ ಎಂದರು. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ಯಾರೂ ಶುರುಮಾಡಬೇಡಿ, ಹೆಚ್ಚಾದರೂ ಕೆಡುಕೇ.

ಇನ್ನು ಗಾದಿ. ಯಾವ ಗಾದಿಯೂ ಈ ತೊಂದರೆ ವಾಸಿ ಮಾಡಲ್ಲ. ಅಂಗಡಿಯವರು ಏನೇ ಹೇಳಲಿ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಆದರೆ ತಪ್ಪು ಗಾದಿ ರಾತ್ರಿಯನ್ನು ಇನ್ನೂ ಕೆಡಿಸುತ್ತೆ. ಅವರು ನೋಡಿಟ್ಟಿದ್ದು ಮೈ ಹೂತುಹೋಗುವ ಮೆಮೊರಿ ಫೋಮ್. ಹೂತ ಕಾಲನ್ನು ಎತ್ತಿ ಮಗ್ಗುಲಾಗಲು ಪ್ರತಿ ಸಲ ಹೆಣಗಬೇಕು. ಅದು ಮೈಯ ಕಾವನ್ನೂ ಹಿಡಿದಿಡುತ್ತೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಅದರ ಮೇಲೆ ಮಲಗೋದು ಹೇಗೆ? ಗಾಳಿಯಾಡುವ, ಹದವಾಗಿ ಗಟ್ಟಿ ಇರುವ ಗಾದಿ ನೋಡಿ ಎಂದೆ. ತೆಂಗಿನ ನಾರಿನದ್ದಾದರೂ ಸರಿ, ಮನೆಯ ಹಳೇ ಹತ್ತಿ ಗಾದಿಯನ್ನು ಗಂಟು ಬಿಡಿಸಿ ಹಿಂಜಿಸಿದರೂ ಸರಿ. ಕೊಳ್ಳುವುದಾದರೆ ಸಂಜೆ ಹೋಗಿ, ಕಾಲು ತಳಮಳಿಸುವ ಹೊತ್ತಿಗೇ. ಹದಿನೈದು ನಿಮಿಷ ಮಲಗಿ ಹತ್ತು ಸಲ ಮಗ್ಗುಲು ಬದಲಿಸಿ. ನಾಚಿಕೆ ಪಡಬೇಡಿ, ದುಡ್ಡು ನಿಮ್ಮದು.

ಜಗಳ ಕರಗಿದ್ದು ಇಲ್ಲಿ: ಆರಡಿಯ ಒಂದು ಗಾದಿ ಬದಲು ಮೂರಡಿಯ ಎರಡು ಗಾದಿ, ಅದೇ ಮಂಚದ ಮೇಲೆ ಪಕ್ಕಪಕ್ಕ. ಹೊದಿಕೆಯೂ ಬೇರೆ ಬೇರೆ. ಒಬ್ಬರ ಅಲುಗಾಟ ಇನ್ನೊಬ್ಬರಿಗೆ ಅಷ್ಟಾಗಿ ತಾಕಲ್ಲ, ಆದರೆ ಮಂಚ ಒಂದೇ. ಬೇರೆ ಕೋಣೆ ಅಂದಿದ್ದರೆ ಆಕೆ ಒಪ್ಪುತ್ತಿರಲಿಲ್ಲ, ಅತ್ತೆಯ ಬಾಯಿಗೆ ಹೆದರಿ. ಗಂಡನ ನಿದ್ದೆಯನ್ನೂ ನಾನು ಹಗುರವಾಗಿ ತಗೊಳ್ಳಲಿಲ್ಲ. ಲಾರಿ ಓಡಿಸುವಾಗ ಒಮ್ಮೆ ತೂಕಡಿಸಿ ರಸ್ತೆ ಬಿಟ್ಟು ಇಳಿದಿದ್ದರಂತೆ. ಅದನ್ನು ಹೆಂಡತಿಗೆ ಹೇಳಿದ್ದು ಆವತ್ತೇ, ನನ್ನೆದುರಿಗೆ.

ಮಲಗುವ ಮುಂಚೆ ಬಿಸಿನೀರಲ್ಲಿ ಕಾಲು ಅದ್ದಿ, ಮೀನಖಂಡ ತಿಕ್ಕಿಸಿಕೊಳ್ಳಿ ಎಂದಿದ್ದೆ. ತಿಕ್ಕುವ ಕೆಲಸ, ಊರಲ್ಲಿದ್ದ ದಿನ, ಗಂಡನದೇ ಆಯಿತು.

ಮೂರು ತಿಂಗಳಿಗೆ ಫೆರಿಟಿನ್ 46 ಆಗಿತ್ತು. ವಾರಕ್ಕೆ ಐದಾರು ರಾತ್ರಿ ಕೆಡುತ್ತಿದ್ದುದು ಎರಡಕ್ಕೆ ಇಳಿದಿದೆ. ಪೂರ್ತಿ ಹೋಗಿಲ್ಲ, ರಕ್ತಸ್ರಾವಕ್ಕೂ ಚಿಕಿತ್ಸೆ ನಡೆದಿದೆ. ಹತ್ತಿ ಗಾದಿಯನ್ನೇ ಹಿಂಜಿಸಿ ಎರಡು ಮಾಡಿಸಿಕೊಂಡರು. ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು, "ನಮ್ಮವ್ವಗ ಈಗ ಅರವತ್ತೆರಡು. ಅಕಿಗೂ ಆ ಪರೀಕ್ಷೆ ಮಾಡಿಸಬಹುದಲ್ರಿ?" ಎಂದು ಕೇಳಿದರು. ಮುಂದಿನ ಸೋಮವಾರ ಇಬ್ಬರೂ ಬರುತ್ತಾರೆ.