ತಾತನ ಕಾಲದ ಮಿಲಿಟರಿ ತರಬೇತಿ ರೈಫಲ್ ಸಿಕ್ಕಿದೆ, ಹೊಸದರ ಥರ ಮಾಡೋದು ಹೇಗೆ?

ಮಲ್ಲೇಶ್ವರದ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ತಾತನ ರೈಫಲ್ ಸಿಕ್ಕಿತು ಅಂದಿದ್ದೀರಿ. ನೋಡೋಕೆ ಪೊಲೀಸರ ಹಳೇ ತ್ರೀ ನಾಟ್ ತ್ರೀ, ಆದರೆ ನಳಿಗೆಯ ತೂತು ಪೆನ್ಸಿಲ್‌ಗಿಂತ ಸಣ್ಣದು. ತುಕ್ಕು ಹಿಡಿದಿದೆ, ಮರ ಕಪ್ಪಾಗಿದೆ. ಸ್ಯಾಂಡ್‌ಪೇಪರ್ ಉಜ್ಜಿ ಪಾಲಿಶ್ ಹೊಡೆಸಲಾ, ಮಾರಿದರೆ ಎಷ್ಟು ಬರುತ್ತೆ ಅಂತ ಪ್ರಶ್ನೆ.

ಪಾಲಿಶ್ ಬೇಡ. ಸ್ಯಾಂಡ್‌ಪೇಪರ್ ಅಂತೂ ಹತ್ತಿರಕ್ಕೂ ತರಬೇಡಿ. ಆದರೆ ಅದೆಲ್ಲ ಆಮೇಲಿನ ಮಾತು. ತಾತ ತೀರಿಕೊಂಡ ಮೇಲೆ ಅವರ ಲೈಸೆನ್ಸ್ ನಿಮಗೆ ನಡೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಇಂಥ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಗನ್ ಹೌಸ್‌ನಲ್ಲೋ ಠೇವಣಿ ಇಡಬೇಕು. ಸುಮ್ನೆ ಬ್ಯಾಗಿಗೆ ತುರುಕಿ ಆಟೋ ಹತ್ತಬೇಡಿ. ವಕೀಲರನ್ನು ಕೇಳಿ, ಠಾಣೆಗೆ ಮೊದಲೇ ತಿಳಿಸಿ, ಅವರು ಹೇಳಿದ ಹಾಗೆ ಒಪ್ಪಿಸಿ, ರಸೀದಿ ಇಸ್ಕೊಳ್ಳಿ. ತಾತನ ಹಳೇ ಲೈಸೆನ್ಸ್ ಪುಸ್ತಕ ಸಿಕ್ಕರೆ ಜೋಪಾನ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ. ಬೆಂಗಳೂರಿನಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್‌ಗೆ. (ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಆ ಕಥೆ ಬೇರೆ.) ನನ್ನ ದೊಡ್ಡಪ್ಪನ ರೈಫಲ್ ಕೂಡ ನನ್ನ ಲೈಸೆನ್ಸ್ ಬರುವವರೆಗೆ ಗನ್ ಹೌಸ್‌ನಲ್ಲೇ ಇತ್ತು. ಅಲ್ಲಿಂದ ಬಂದಾಗ ಧೂಳು, ಗಟ್ಟಿಯಾದ ಗ್ರೀಸು ಸೇರಿ ಮೈಯೆಲ್ಲ ಜಿಗುಟು.

ನಿಮ್ಮದೂ ಅದೇ ಜಾತಿ ಅನ್ಸುತ್ತೆ. ತ್ರೀ ನಾಟ್ ತ್ರೀ ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೇನೆಯ ಹಳೇ ರೈಫಲ್) ಮೈಗೆ ಪಾಯಿಂಟ್ ಟೂ ಟೂ, ಅಂದರೆ 0.22 ಇಂಚಿನ ಸಣ್ಣ ತೂತಿನ ನಳಿಗೆ ಕೂರಿಸಿದ ತರಬೇತಿ ರೈಫಲ್. 1926ರಲ್ಲಿ ಬ್ರಿಟಿಷರು ಹೆಸರುಗಳನ್ನು ಬದಲಿಸಿದಾಗ ದೊಡ್ಡದು ನಂಬರ್ 1 ಆಯಿತು, ಇದು ನಂಬರ್ 2. ಹೊಸ ಸಿಪಾಯಿಗೆ ಅದೇ ಹಿಡಿತ, ಹೆಚ್ಚುಕಡಿಮೆ ಅದೇ ತೂಕ, ಅದೇ ಬೋಲ್ಟ್ (ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ, ಹಿಡಿ ಇರುವ ಭಾಗ). ಗುಂಡು ಮಾತ್ರ ಅಗ್ಗದ್ದು, 25 ಗಜ ಜಾಗ ಇದ್ದರೆ ಅಭ್ಯಾಸ ನಡೆಯುತ್ತಿತ್ತು. ಎಷ್ಟೋ ನಳಿಗೆಗಳು ಹೊಸವೇ ಅಲ್ಲ. ಸವೆದ ತ್ರೀ ನಾಟ್ ತ್ರೀ ನಳಿಗೆಯನ್ನು ಕೊರೆದು ಒಳಗೆ ಸಣ್ಣ ಕೊಳವೆ ಕೂರಿಸುತ್ತಿದ್ದರು. ಅಂಥದ್ದಾದರೆ ಮೂತಿಯಲ್ಲಿ ಬಳೆಯಂತೆ ಸಣ್ಣ ಗೆರೆ ಕಾಣುತ್ತದೆ. ಬೋಲ್ಟ್ ಹಿಡಿಯ ಬುಡದಲ್ಲಿ ಒಂದು ನಂಬರ್ ಇರುತ್ತದೆ, ರೈಫಲ್ ಮೈ ಮೇಲೂ ಇರುತ್ತದೆ. ಎರಡೂ ಒಂದೇನಾ ನೋಡಿ.

ಲೈಸೆನ್ಸ್ ಕೈಗೆ ಬಂದ ಮೇಲೆ ಶುಚಿ ಮಾಡುವ ಕೆಲಸ. ಮೊದಲು ಬೋಲ್ಟ್ ಹಿಂದೆಳೆದು ಒಳಗೆ ಗುಂಡು ಇಲ್ಲ ಅಂತ ಕಣ್ಣಲ್ಲೂ ನೋಡಿ, ಕಿರುಬೆರಳಲ್ಲೂ ಮುಟ್ಟಿ. ಹಾಗೇ ಪೂರ್ತಿ ಹಿಂದೆ ತಂದು, ಬೋಲ್ಟಿನ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಬೋಲ್ಟ್ ಹೊರಗೆ ಬರುತ್ತದೆ. ನಳಿಗೆಯನ್ನು ಹಿಂದಿನಿಂದ ಮುಂದಕ್ಕೇ ಒರೆಸಬೇಕು. ಮೂತಿಯಿಂದ ಕಡ್ಡಿ ತೂರಿಸಿದರೆ ಮೂತಿಯ ಅಂಚು ಸವೆಯುತ್ತದೆ, ಗುರಿ ಹಾಳು. ಎನ್‌ಸಿಸಿ ಮಾಡಿದವರಿಗೆ ಪುಲ್‌ಥ್ರೂ (ಚಿಂದಿ ಕಟ್ಟಿ ನಳಿಗೆಯೊಳಗೆ ಎಳೆಯುವ ದಾರ), ಚಿಂದಿ ನೆನಪಿರಬೇಕು ಅಲ್ವಾ, ಅದೇ ಸಾಕು. ಹಳೇ ಗುಂಡುಗಳ ಮದ್ದಿನ ಉಪ್ಪು ಉಕ್ಕನ್ನು ತಿಂದಿರುತ್ತದೆ. ಒಳಗೆ ಸಣ್ಣ ಗುಳಿಗಳು ಕಂಡರೆ ಅವು ಹೋಗೋದಿಲ್ಲ, ಬ್ರಷ್ ಹಾಕಿ ಜಾಸ್ತಿ ಉಜ್ಜಿ ಪ್ರಯೋಜನ ಇಲ್ಲ.

ಬಟ್ಟಿನ (ಹೆಗಲಿಗೆ ಒತ್ತಿ ಹಿಡಿಯುವ ಹಿಂದಿನ ಮರ) ಹಿಂದಿನ ಹಿತ್ತಾಳೆ ತಟ್ಟೆಯಲ್ಲಿ ಪುಟ್ಟ ಬಾಗಿಲು ಇದೆ. ಉಗುರಿನಿಂದ ಎತ್ತಿ ನೋಡಿ. ಎಣ್ಣೆ ಬಾಟಲಿ, ಪುಲ್‌ಥ್ರೂ ಇಡುವ ಜಾಗ ಅದು. ನನ್ನದರಲ್ಲಿ ಹಿತ್ತಾಳೆಯ ಎಣ್ಣೆ ಬಾಟಲಿ ಹಾಗೇ ಇತ್ತು, ಮುಚ್ಚಳಕ್ಕೆ ಅಂಟಿದ ಚಮಚದ ಸಮೇತ. ರೈಫಲ್‌ಗಿಂತ ಅದನ್ನೇ ಜಾಸ್ತಿ ಜನ ಕೇಳಿ ನೋಡುತ್ತಾರೆ!

ಈಗ ಮುಖ್ಯವಾದದ್ದು. ಆ ಬಾಗಿಲೊಳಗೆ ಉದ್ದನೆ ಸ್ಕ್ರೂಡ್ರೈವರ್ ಹಾಕಿದರೆ ಬಟ್ಟನ್ನು ಬಿಗಿದಿರುವ ಇನ್ನೊಂದು ಬೋಲ್ಟ್, ಅಂದರೆ ಉದ್ದನೆ ತಿರುಪು, ಸಿಗುತ್ತದೆ. ತಿರುಗಿಸೋಣ ಅನ್ಸುತ್ತೆ. ತಿರುಗಿಸಬೇಡಿ. ಅದರ ಚೌಕಾಕಾರದ ತುದಿ ನಳಿಗೆಯ ಕೆಳಗಿನ ಮುಂದಿನ ಮರದೊಳಗೆ ಕೂತಿರುತ್ತದೆ. ಮುಂದಿನ ಮರ ತೆಗೆಯದೆ ಆ ಬೋಲ್ಟ್ ತಿರುಗಿಸಿದರೆ ಮರ ಸೀಳುತ್ತದೆ. ಮಾರುಕಟ್ಟೆಯಲ್ಲಿ ಕಾಣುವ ಎಷ್ಟೋ ಲೀ-ಎನ್‌ಫೀಲ್ಡ್‌ಗಳ ಮುಂದಿನ ಮರ ಅದರ ಹಿಂದುಗಡೆ ತುದಿಯಲ್ಲಿ ಬಿರುಕು ಬಿಟ್ಟಿರುವುದು ಹೀಗೇ. ಶುಚಿ ಮಾಡಲು ಮರ ಬಿಚ್ಚುವ ಅಗತ್ಯವೇ ಇಲ್ಲ.

ಮರಕ್ಕೆ ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿ ಬಟ್ಟೆ ಸಾಕು. ಕಪ್ಪು ಜಿಡ್ಡು ಬಟ್ಟೆಗೆ ಬರುತ್ತದೆ, ಮರದ ಮೇಲೆ ಒತ್ತಿದ ಹಳೇ ಮುದ್ರೆಗಳು, ಅಂದರೆ ಸೀಲುಗಳು, ಮರದಲ್ಲೇ ಉಳಿಯುತ್ತವೆ. ಆಮೇಲೆ ಅಗಸೆ ಎಣ್ಣೆ. ಎಸ್‌ಜೆಪಿ ರಸ್ತೆಯ ಪೇಂಟ್ ಅಂಗಡಿಗಳಲ್ಲಿ ಡಬಲ್ ಬಾಯ್ಲ್ಡ್ ಕೇಳಿದರೆ ಕೊಡುತ್ತಾರೆ. ಅಂಗೈಯಲ್ಲಿ ನಾಲ್ಕು ಹನಿ ಹಾಕಿ ಬಿಸಿಯಾಗುವ ಹಾಗೆ ತಿಕ್ಕಿ, ಉಳಿದದ್ದನ್ನು ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದಿಲ್ಲ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದುರಿ ಬುಟ್ಟಿಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ತುಕ್ಕಿಗೆ ಹೊಲಿಗೆ ಮಿಷನ್ ಎಣ್ಣೆ ಸವರಿ ರಾತ್ರಿಯಿಡೀ ಬಿಡಿ, ಮಾರನೇ ದಿನ ತುಂಬಾ ನಯವಾದ ಸ್ಟೀಲ್ ವೂಲ್‌ನಿಂದ ಮೆತ್ತಗೆ. ವಿನಿಗರ್, ಹುಣಸೆಹಣ್ಣು, ಅಂಗಡಿಯ ರಸ್ಟ್ ರಿಮೂವರ್ ಯಾವುದೂ ಬೇಡ. ತುಕ್ಕಿನ ಜೊತೆ ಹಳೇ ಕಪ್ಪು ಬಣ್ಣವೂ ಹೋಗುತ್ತದೆ. ಹೊಸದಾಗಿ ಬಣ್ಣ ಹಾಕಿಸುವುದು, ರಿಪೇರಿ ಇವೆಲ್ಲ ಅದಕ್ಕೆಂದೇ ಲೈಸೆನ್ಸ್ ಇರುವ ಗನ್ ರಿಪೇರಿಯವರ ಕೆಲಸ. ಅವರು ಪರೀಕ್ಷಿಸುವವರೆಗೆ ಗುಂಡು ಹಾರಿಸಲೂಬೇಡಿ. ಮಳೆಗಾಲದಲ್ಲಿ ಬಟ್ಟೆಯ ಚೀಲ, ಚರ್ಮದ ಕೇಸಿನಲ್ಲಿ ಇಟ್ಟರೆ ತೇವ ಹಿಡಿದು ಮತ್ತೆ ತುಕ್ಕು.

ಮಾರುವ ವಿಷಯಕ್ಕೆ ಬಂದರೆ, ಲೈಸೆನ್ಸ್ ಇರುವವರಿಗೆ ಅಥವಾ ಗನ್ ಹೌಸ್‌ಗೆ ಮಾತ್ರ, ಅದೂ ಕಾಗದ ಪತ್ರ ಸಮೇತ. ನಂಬರ್‌ಗಳು ಹೊಂದಿ, ಮರದ ಸೀಲುಗಳು ಉಳಿದಿದ್ದರೆ ಒಳ್ಳೇ ಬೆಲೆ. ಪಾಲಿಶ್ ಹೊಡೆದು ಮಿರಮಿರ ಮಿಂಚಿಸಿದ್ದರೆ ತಿಳಿದವರು ಕಮ್ಮಿಗೇ ಕೇಳುತ್ತಾರೆ.