ಜಾಸ್ತಿ ಪಾಯಿಂಟ್ ತಗೊಂಡೋನು ಸೋಲೋದು ಹೇಗೆ?

ಪ್ರಶ್ನೆ: ಟೇಕ್ವಾಂಡೋ ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ ಗಂಡಸರ 63 ಕೆಜಿ ವಿಭಾಗ ಇದೆ, ಒಲಿಂಪಿಕ್ಸಲ್ಲಿ ಯಾಕಿಲ್ಲ? ಇನ್ನೊಂದು, ಒಟ್ಟು ಪಾಯಿಂಟ್ ಜಾಸ್ತಿ ಇದ್ದೋನೇ ಸೋಲ್ತಾನಲ್ಲ, ಇದು ನ್ಯಾಯಾನಾ ಸಾರ್?

ಉತ್ತರ: ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ ಗಂಡಸರಿಗೆ 54ರಿಂದ ಶುರುವಾಗಿ 87ರ ಮೇಲಿನವರೆಗೆ ಎಂಟು ವಿಭಾಗ, ಒಲಿಂಪಿಕ್ಸಲ್ಲಿ ಬರೀ ನಾಲ್ಕು: 58, 68, 80, 80ರ ಮೇಲೆ. ಹಾಗಾಗಿ 63ರ ಹುಡುಗ ಒಂದೋ ಒದ್ದಾಡಿ 58ಕ್ಕೆ ಇಳೀಬೇಕು, ಇಲ್ಲಾ 68ರಲ್ಲಿ ತನಗಿಂತ ಉದ್ದ ಕಾಲಿನವರ ಎದುರು ನಿಲ್ಲಬೇಕು, ನನಗಂತೂ ಇದು ತುಂಬಾ ಬೇಜಾರಿನ ವಿಷಯ.

ಇನ್ನು ಪಾಯಿಂಟ್ ವಿಷಯ. ಮುಂಚೆ ಮೂರೂ ರೌಂಡಿನ ಪಾಯಿಂಟ್ ಕೂಡಿಸ್ತಿದ್ರು, 2022ರಿಂದ ಮೂರರಲ್ಲಿ ಎರಡು ರೌಂಡ್ ಗೆದ್ದೋನೇ ಗೆದ್ದ ಹಾಗೆ. ಮೊದಲನೇ ರೌಂಡ್ 12-2 ಗೆದ್ದು, ಆಮೇಲೆ 4-5, 3-4 ಸೋತ ಅಂದ್ಕೊಳ್ಳಿ, ಒಟ್ಟು 19-11 ಮುಂದಿದ್ರೂ ಅವನು ಮನೆಗೆ! ಪಂಚಿಗೆ 1, ಎದೆಗವಚಕ್ಕೆ ಒದ್ರೆ 2, ತಲೆಗೆ 3, ಮೈ ಗಿರ್ರನೆ ತಿರುಗಿಸಿ ಎದೆಗೆ ಒದ್ರೆ 4, ಹಾಗೇ ತಿರುಗಿಸಿ ತಲೆಗೆ ಒದ್ರೆ 5. ಅಂದ್ರೆ ಕೊನೇ ಸೆಕೆಂಡಲ್ಲಿ ಒಂದೇ ಒದೆಗೆ ರೌಂಡ್ ತಿರುಗಿಬಿಡುತ್ತೆ.

ನನ್ನ ಪ್ರಕಾರ ನ್ಯಾಯಾನೇ, ಯಾಕಂದ್ರೆ ಹಳೇ ಲೆಕ್ಕದಲ್ಲಿ ಮೊದಲೇ ದೊಡ್ಡ ಲೀಡ್ ತಗೊಂಡೋನು ಆಮೇಲೆ ಬರೀ ಕಾಲೆತ್ತಿ ತಡೀತಾ, ಹಿಂದಕ್ಕೆ ಸರೀತಾ ಟೈಮ್ ಕಳೀತಿದ್ದ, ಈಗ ಪ್ರತಿ ರೌಂಡೂ ಸೊನ್ನೆಯಿಂದ ಶುರು, ಅಡಗಿಕೊಳ್ಳೋಕೆ ಜಾಗನೇ ಇಲ್ಲ. ಟೋಕಿಯೊ, ಪ್ಯಾರಿಸ್ ಎರಡರಲ್ಲೂ 68 ಕೆಜಿ ಚಿನ್ನ ಗೆದ್ದ ಉಜ್ಬೇಕಿಸ್ತಾನದ ಉಲುಗ್‌ಬೆಕ್ ರಶಿತೊವ್ ಹಳೇದು, ಹೊಸದು ಎರಡೂ ಲೆಕ್ಕದಲ್ಲಿ ಗೆದ್ದಿದ್ದಾರೆ, ಅವರ ಫೈಟ್‌ಗಳನ್ನ ಒಂದರ ಹಿಂದೆ ಒಂದು ನೋಡಿ.